ತನ್ನ ಹೃದಯಕ್ಕೆ ತಾನೇ ನಳಿಕೆ ಹಾಕಿಕೊಂಡ ವೈದ್ಯ

ವರ್ನರ್ ಫೋರ್ಸ್‌ಮನ್ ಅವರು 1904ರ ಆಗಸ್ಟ್ 29ರಂದು ಜರ್ಮನಿಯ ಬರ್ಲಿನ್ ನಗರದಲ್ಲಿ ಜನಿಸಿದರು. ತಂದೆ ಮೊದಲನೆಯ ಮಹಾಯುದ್ಧದಲ್ಲಿ ತೀರಿಕೊಂಡರು. ಮಗ ಓದಿ ವೈದ್ಯನಾದ.

ಬದುಕಿರುವ ಮನುಷ್ಯನ ಹೃದಯದೊಳಗೆ ಏನನ್ನಾದರೂ ತೂರಿಸಿದರೆ ಪ್ರಾಣ ಹೋಗುತ್ತದೆ ಎಂಬ ಭಯ ಆಗ ವೈದ್ಯರಲ್ಲೇ ಇತ್ತು. 1929ರಲ್ಲಿ ಎಬರ್ಸ್‌ವಾಲ್ಡೆ ಊರಿನ ಆಸ್ಪತ್ರೆಯಲ್ಲಿದ್ದ ಫೋರ್ಸ್‌ಮನ್, ತೋಳಿನ ರಕ್ತನಾಳದಿಂದ ತೆಳುವಾದ ನಳಿಕೆಯನ್ನು ಹೃದಯದವರೆಗೆ ಕಳಿಸಬಹುದು ಎಂದು ಯೋಚಿಸಿದರು. ಮೇಲಧಿಕಾರಿ ಒಪ್ಪಲಿಲ್ಲ. ಸಲಕರಣೆಗಳು ನರ್ಸ್ ಗೆರ್ಡಾ ಡಿಟ್ಸೆನ್ ಅವರ ವಶದಲ್ಲಿದ್ದವು. ಪ್ರಯೋಗಕ್ಕೆ ಆಕೆಯೇ ಮುಂದೆ ಬಂದರು. ಫೋರ್ಸ್‌ಮನ್ ಆಕೆಯನ್ನು ಮೇಜಿಗೆ ಕಟ್ಟಿ, ನಳಿಕೆಯನ್ನು ಮಾತ್ರ ತಮ್ಮ ಎಡತೋಳಿಗೇ ಹಾಕಿಕೊಂಡರು! ಸುಮಾರು 65 ಸೆಂಟಿಮೀಟರ್ ಒಳಗೆ ತಳ್ಳಿ, ಹಾಗೆಯೇ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದರು. ನಳಿಕೆಯ ತುದಿ ಹೃದಯದ ಬಲಭಾಗದಲ್ಲಿತ್ತು.

ಹೊಗಳಿಕೆ ಸಿಗಲಿಲ್ಲ, ಮುಂದಿನ ನೌಕರಿಯೂ ಹೋಯಿತು. ಅವರು ಮೂತ್ರರೋಗ ತಜ್ಞರಾಗಿ ಬದುಕಿದರು. 1932ರಲ್ಲಿ ನಾಜಿ ಪಕ್ಷ ಸೇರಿದ್ದರು. ಧೈರ್ಯವನ್ನು ಹೇಳುವಾಗ ಇದನ್ನೂ ಮುಚ್ಚಿಡಬಾರದು. ಅಮೆರಿಕದಲ್ಲಿ ಕುರ್ನಾಂಡ್ ಮತ್ತು ರಿಚರ್ಡ್ಸ್ ಅವರ ವಿಧಾನವನ್ನು ಬೆಳೆಸಿದರು. 1956ರಲ್ಲಿ ಮೂವರಿಗೂ ನೊಬೆಲ್ ಬಂದಿತು. 1979ರಲ್ಲಿ ಫೋರ್ಸ್‌ಮನ್ ತೀರಿಕೊಂಡರು.

ಕಾಮರ್ಸ್ ಓದುವ ನನಗೆ ಇವರ ಕಥೆ ಏಕೆ ಬೇಕಾಯಿತು? ಔರಾದ್‌ನಲ್ಲಿರುವ ನಮ್ಮ ಖಾಲಾ ಅವರ ಮಗುವಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ. ಆಪರೇಷನ್ ಆಯಿತು. ಕೆಲವು ತಿಂಗಳ ಮೇಲೆ ಮತ್ತೆ ಏದುಸಿರು. ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳ, ಹೊಲಿಗೆ ಹಾಕಿದ ಜಾಗದಲ್ಲಿ ಕಿರಿದಾಗಿತ್ತು. ಹೀಗಾದರೆ ರಕ್ತ ಮುಂದೆ ಸಾಗದೆ ಶ್ವಾಸಕೋಶದಲ್ಲೇ ನಿಲ್ಲುತ್ತದೆ. ಡಾಕ್ಟರರು ಮತ್ತೆ ಎದೆ ತೆರೆಯಲಿಲ್ಲ. ತೊಡೆಸಂದಿನ ನಾಳದಿಂದ ನಳಿಕೆ ಕಳಿಸಿ, ಅದರ ತುದಿಯ ಬಲೂನ್ ಉಬ್ಬಿಸಿ ದಾರಿ ಅಗಲ ಮಾಡಿದರು. ಕೆಲವು ಮಕ್ಕಳಿಗೆ ಅಲ್ಲಿ ಸ್ಟೆಂಟ್ ಎಂಬ ಜಾಲರಿಯನ್ನೂ ಇಡುತ್ತಾರೆ.

ಆದರೆ ಆ ನಾಳ ಮತ್ತೆ ಕಿರಿದಾಗಬಹುದು. ಆದ್ದರಿಂದ ತಪಾಸಣೆ ತಪ್ಪಿಸುವಂತಿಲ್ಲ. ಔರಾದ್, ಭಾಲ್ಕಿಯ ಹಳ್ಳಿಗಳಿಂದ ಬೀದರ್‌ಗೆ ಬಂದು, ಅಲ್ಲಿಂದ ದೊಡ್ಡ ನಗರಕ್ಕೆ ಹೋಗಲು ಬಸ್ ಚಾರ್ಜೂ ಬೇಕು, ದಿನದ ಕೂಲಿಯೂ ಹೋಗುತ್ತದೆ. ಮಗು ಆಡುತ್ತಿದೆಯಲ್ಲ, ಇನ್ನೇಕೆ ಹೋಗಬೇಕು ಎಂದು ಮನೆಯವರಿಗೆ ಅನ್ನಿಸುತ್ತದೆ. ನಿಮ್ಮ ಓಣಿಯಲ್ಲಿ ಅಂಥ ಮಗು ಇದ್ದರೆ, ತಪಾಸಣೆಯ ತಾರೀಖು ಕೇಳಿ ತಿಳಿದುಕೊಳ್ಳಿ. ಆ ದಿನ ಅವರು ಬಸ್ ಹತ್ತುವಂತೆ ನೋಡಿಕೊಳ್ಳಿ.