ಆಗಸ್ಟ್ ಬಿಯರ್

ಆಗಸ್ಟ್ ಬಿಯರ್ (24 ನವೆಂಬರ್ 1861 – 12 ಮಾರ್ಚ್ 1949) ಜರ್ಮನಿಯ ಶಸ್ತ್ರಚಿಕಿತ್ಸಕರು. ಬೆನ್ನುಹುರಿಯ ಅರಿವಳಿಕೆಯನ್ನೂ, ಸ್ಥಳೀಯ ಅರಿವಳಿಕೆಯ ಮದ್ದನ್ನು ಅಭಿಧಮನಿಯ ಮೂಲಕ ಕೊಡುವ ಕ್ರಮವನ್ನೂ ಶಸ್ತ್ರಚಿಕಿತ್ಸೆಗೆ ತಂದವರೆಂದು ಇವರು ಪ್ರಸಿದ್ಧರು.

ಆರಂಭಿಕ ಜೀವನ

ವಾಲ್ಡೆಕ್ ಸಂಸ್ಥಾನದ ಹೆಲ್ಸೆನ್‌ನಲ್ಲಿ ಜನಿಸಿದ ಬಿಯರ್ ಅವರು ಬರ್ಲಿನ್, ಲೈಪ್‌ಜಿಗ್ ಮತ್ತು ಕೀಲ್ ನಗರಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿದರು. ಬಳಿಕ ಕೀಲ್‌ನಲ್ಲಿ ಫ್ರೀಡ್ರಿಶ್ ಫಾನ್ ಎಸ್ಮಾರ್ಕ್ ಅವರಿಗೆ ಸಹಾಯಕರಾದರು. ಕೈಕಾಲುಗಳ ರಕ್ತವನ್ನು ಹಿಂದೂಡುವ ರಬ್ಬರ್ ಪಟ್ಟಿಯಿಂದ ಹೆಸರಾದವರು ಈ ಗುರು.

ಬೆನ್ನುಹುರಿಯ ಅರಿವಳಿಕೆ

ಆ ಕಾಲದ ಕ್ಲೋರೋಫಾರ್ಮ್ ರೋಗಿಯ ಪ್ರಜ್ಞೆಯನ್ನೇ ತಪ್ಪಿಸುತ್ತಿತ್ತು. ಕೆಲವೊಮ್ಮೆ ಪ್ರಾಣವನ್ನೂ ತೆಗೆಯುತ್ತಿತ್ತು. 1898ರ ಆಗಸ್ಟ್ 16ರಂದು ಬಿಯರ್ ಅವರು ಕಾಲಿನ ಕೀಲಿಗೆ ಕ್ಷಯ ತಗುಲಿದ್ದ ಕಾರ್ಮಿಕನೊಬ್ಬನಿಗೆ ಬೆನ್ನುಹುರಿಯ ಸುತ್ತಣ ದ್ರವದೊಳಕ್ಕೆ ಕೊಕೇನ್ ಕೊಟ್ಟು, ನೋವಿಲ್ಲದಂತೆ ಶಸ್ತ್ರಚಿಕಿತ್ಸೆ ನಡೆಸಿದರು. ಆದರೆ ಹೀಗೆ ಚಿಕಿತ್ಸೆ ಪಡೆದವರಲ್ಲಿ ತಲೆನೋವು, ವಾಂತಿ ಕಾಣಿಸಿಕೊಂಡವು. ಕಾರಣವನ್ನು ತಿಳಿಯಲು ಅವರು ತಮ್ಮ ದೇಹವನ್ನೇ ಒಡ್ಡಿದರು. ಆಗಸ್ಟ್ 24ರಂದು ಸಹಾಯಕ ಹಿಲ್ಡೆಬ್ರಾಂಟ್ ಅವರು ಬಿಯರ್ ಅವರ ಬೆನ್ನಿಗೆ ಸೂಜಿ ಚುಚ್ಚಿದರು. ಸಿರಿಂಜು ಸೂಜಿಗೆ ಸರಿಹೊಂದದೆ ಬಹಳಷ್ಟು ದ್ರವ ಸೋರಿಹೋಯಿತು. ಆಗ ಹಿಲ್ಡೆಬ್ರಾಂಟ್ ತಾವೇ ಮಲಗಿದರು. ಮದ್ದು ಹಿಡಿದ ಮೇಲೆ ಅವರ ಮೊಣಕಾಲಿನ ಕೆಳಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರೂ, ಉರಿಯುವ ಚುಟ್ಟವನ್ನು ಚರ್ಮಕ್ಕೆ ತಾಗಿಸಿದರೂ ನೋವಾಗಲಿಲ್ಲ. ಅಂದು ರಾತ್ರಿ ಇಬ್ಬರೂ ಉಂಡು ಕುಡಿದು ಸಂತೋಷಪಟ್ಟರು. ಮರುದಿನ ಹಿಲ್ಡೆಬ್ರಾಂಟ್ ಅವರಿಗೆ ಪೆಟ್ಟುಗಳ ನೋವು, ಬಿಯರ್ ಅವರಿಗೆ ದಿನಗಟ್ಟಲೆ ಹಾಸಿಗೆ ಹಿಡಿಸಿದ ತಲೆನೋವು. ದ್ರವದ ಸೋರಿಕೆಯೇ ಈ ತಲೆನೋವಿಗೆ ಕಾರಣವೆಂದು ಅವರು ಸರಿಯಾಗಿಯೇ ಶಂಕಿಸಿದರು. ಇಂದು ಸಿಸೇರಿಯನ್ ಹೆರಿಗೆಗೆ ಮುನ್ನ ನಮ್ಮ ತಾಯಂದಿರ ಬೆನ್ನಿಗೆ ಕೊಡುವ ಇಂಜೆಕ್ಷನ್ ಇದೇ ಪರಂಪರೆಯದು.

ಅಭಿಧಮನಿಯ ಮಾರ್ಗ

1907ರಲ್ಲಿ ಬರ್ಲಿನ್‌ಗೆ ಪ್ರಾಧ್ಯಾಪಕರಾಗಿ ಬಂದ ಬಿಯರ್, ಮರುವರ್ಷವೇ ಮತ್ತೊಂದು ವಿಧಾನವನ್ನು ಪ್ರಕಟಿಸಿದರು. ಗುರುವಿನ ಪಟ್ಟಿಯಿಂದ ಕೈಯ ರಕ್ತವನ್ನು ಹಿಂಡಿ, ಮೇಲೂ ಕೆಳಗೂ ಬಿಗಿದು, ನಡುವಣ ಅಭಿಧಮನಿಗೆ ಪ್ರೊಕೇನ್ ಸೇರಿಸುವುದು ಅದರ ಕ್ರಮ. ಬಿಗಿದ ಕಟ್ಟು ಅಕಾಲದಲ್ಲಿ ಸಡಿಲವಾದರೆ ಮದ್ದು ಒಮ್ಮೆಲೇ ಹೃದಯ, ಮಿದುಳುಗಳನ್ನು ತಲುಪುವ ಅಪಾಯವಿತ್ತು. ಬಹುಕಾಲ ಮರೆಯಾಗಿದ್ದ ಈ ಕ್ರಮ 1963ರಲ್ಲಿ ಲಿಡೋಕೇನ್‌ನೊಂದಿಗೆ ಮರಳಿ ಬಳಕೆಗೆ ಬಂದಿತು.

ಕಟ್ಟು ಕಟ್ಟದೆ, ಅಲ್ಪ ಪ್ರಮಾಣದ ಲಿಡೋಕೇನನ್ನು ಡ್ರಿಪ್ ಮೂಲಕ ಇಡೀ ದೇಹಕ್ಕೆ ಹರಿಸಿ ಶಸ್ತ್ರಚಿಕಿತ್ಸೆಯ ನಂತರದ ನೋವನ್ನು ತಗ್ಗಿಸುವ ಪದ್ಧತಿ ಬೇರೆಯದು; ಎರಡನ್ನೂ ಒಂದೆಂದು ಭಾವಿಸಬಾರದು. ಗರ್ಭಕೋಶದ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗಳಲ್ಲಿಯೂ ಅದನ್ನು ಪರೀಕ್ಷಿಸಲಾಗಿದೆ. ಪ್ರಮಾಣ ಮೀರಿದರೆ ಬಾಯಿ ಮರಗಟ್ಟುವುದು, ಸೆಳವು, ಹೃದಯದ ಬಡಿತದ ಏರುಪೇರು ಉಂಟಾಗುವುದರಿಂದ ರೋಗಿಯ ಮೇಲೆ ಸತತ ನಿಗಾ ಅಗತ್ಯ.

ಕೊನೆಯ ವರ್ಷಗಳು

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರ ಉಕ್ಕಿನ ಶಿರಸ್ತ್ರಾಣ ರೂಪುಗೊಳ್ಳಲು ಬಿಯರ್ ನೆರವಾದರು. 1937ರಲ್ಲಿ ನಾಜಿ ಸರ್ಕಾರದ ರಾಷ್ಟ್ರೀಯ ಪ್ರಶಸ್ತಿಯನ್ನು ಸ್ವೀಕರಿಸಿದರೆಂಬುದನ್ನೂ ಇಲ್ಲಿ ಹೇಳಲೇಬೇಕು. 1912ರಲ್ಲಿ ಸೌವೆನ್‌ನಲ್ಲಿ ಕೊಂಡ ಮರಳುನೆಲದ ಪೈನ್ ತೋಪನ್ನು ಅವರು ಬಗೆಬಗೆಯ ಮರಗಳ ಕಾಡಾಗಿ ಬೆಳೆಸಿದರು. ಅಲ್ಲಿಯೇ ನಿಧನರಾದರು.