ಸೈಟಿನ ಅಳತೆಯಲ್ಲೂ ರಾಜಕೀಯವಿದೆ: ಬಾರ್ಸಿಲೋನಾದ ಸೆರ್ದಾನ ಕತೆ

ರಸ್ತೆ ಎಷ್ಟು ಅಗಲ ಇರಬೇಕು, ಸೈಟಿನಲ್ಲಿ ಎಷ್ಟು ಜಾಗ ಖಾಲಿ ಬಿಡಬೇಕು, ಎಷ್ಟು ಅಂತಸ್ತು ಏರಿಸಬಹುದು? ಇದೆಲ್ಲ ಎಂಜಿನಿಯರುಗಳ ತಲೆನೋವು, ನಮಗ್ಯಾಕೆ ಅಂತ ಅನ್ನಿಸಬಹುದು. ಆದರೆ ಇದೇ ಲೆಕ್ಕಕ್ಕಾಗಿ ಬದುಕನ್ನೇ ಪಣಕ್ಕಿಟ್ಟ ಒಬ್ಬ ಎಂಜಿನಿಯರ್ ಇದ್ದ. ಹೆಸರು ಇಲ್ಡೆಫೋನ್ಸ್ ಸೆರ್ದಾ.

ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದ ಜಮೀನುದಾರ ಕುಟುಂಬದಲ್ಲಿ 1815ರಲ್ಲಿ ಹುಟ್ಟಿದ ಸೆರ್ದಾ, 1841ರಲ್ಲಿ ಮ್ಯಾಡ್ರಿಡ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿ ಸರ್ಕಾರಿ ನೌಕರಿಗೆ ಸೇರಿದ. ಅಣ್ಣಂದಿರು ತೀರಿಕೊಂಡು ಕುಟುಂಬದ ಆಸ್ತಿ ಕೈಗೆ ಬಂದ ಮೇಲೆ, 1849ರಲ್ಲಿ ನೌಕರಿ ಬಿಟ್ಟ. ಆರಾಮಾಗಿ ಕೂರಬಹುದಿತ್ತು, ಕೂರಲಿಲ್ಲ. 1851ರಲ್ಲಿ ಸಂಸತ್ತಿಗೆ ಆಯ್ಕೆಯಾದ.

ಆಗಿನ ಬಾರ್ಸಿಲೋನಾ ಕೋಟೆಗೋಡೆಯೊಳಗೆ ಉಸಿರುಗಟ್ಟಿ ಕೂತಿತ್ತು. ಗೋಡೆಯಾಚೆಯ ಬಯಲಲ್ಲಿ ಮನೆ ಕಟ್ಟಲು ಸೇನೆ ಬಿಡುತ್ತಿರಲಿಲ್ಲ. ಒಳಗೆ ಕಾರ್ಖಾನೆ, ಹೊಗೆ, ಕಿರಿದಾದ ಓಣಿ, ಮೇಲಿಂದ ಮೇಲೆ ಕಾಲರಾ. 1854ರಲ್ಲಿ ಗೋಡೆ ಕೆಡವುವ ಕೆಲಸ ಶುರುವಾಯಿತು. ಸೆರ್ದಾ ಬಯಲನ್ನು ಅಳೆದು ನಕ್ಷೆ ಮಾಡಿದ. ಅಷ್ಟಕ್ಕೇ ನಿಲ್ಲಲಿಲ್ಲ. ಕಾರ್ಮಿಕರ ಕೂಲಿ, ಬಾಡಿಗೆ, ಊಟದ ಖರ್ಚು ಎಲ್ಲವನ್ನೂ ಲೆಕ್ಕ ಹಾಕಿದ. ಬಡವರು ಬೇಗ ಸಾಯುವುದಕ್ಕೂ ಅವರ ಮನೆಗೆ ಗಾಳಿ ಬೆಳಕು ಇಲ್ಲದ್ದಕ್ಕೂ ಸಂಬಂಧವಿದೆ ಅನ್ನುವುದು ಅವನಿಗೆ ಅಂಕಿಗಳಲ್ಲೇ ಕಂಡಿತು.

ಹಾಗಾಗಿ ಅವನ ನಿಯಮಗಳು ಕಟ್ಟುನಿಟ್ಟು. ಪ್ರತಿ ಬ್ಲಾಕ್ ಸುಮಾರು 113 ಮೀಟರ್ ಚೌಕ. ರಸ್ತೆ ಕನಿಷ್ಠ 20 ಮೀಟರ್, ಅದರಲ್ಲಿ ಅರ್ಧ ಗಾಡಿಗಳಿಗೆ, ಅರ್ಧ ನಡೆಯುವವರಿಗೆ. ಬ್ಲಾಕಿನ ಮೂಲೆಗಳನ್ನು ಓರೆಯಾಗಿ ಕತ್ತರಿಸಬೇಕು, ಮುಂದೆ ಬರಲಿರುವ ಉಗಿಬಂಡಿಗಳು ತಿರುಗಬೇಕಲ್ಲ! ಕಟ್ಟಡ 16 ಮೀಟರ್ ಮೀರಬಾರದು. ಬ್ಲಾಕಿನ ಎರಡು ಬದಿಯಲ್ಲಿ ಮಾತ್ರ ಮನೆ, ನಡುವೆ ತೋಟ. ಶ್ರೀಮಂತರಿಗೆ ಬೇರೆ ಅಳತೆ, ಬಡವರಿಗೆ ಬೇರೆ ಅಳತೆ ಇಲ್ಲ.

ಜಮೀನಿನ ಪ್ರಶ್ನೆಗೂ ಉತ್ತರ ಹುಡುಕಿದ. ರಸ್ತೆ ಒಬ್ಬನ ಹೊಲವನ್ನು ನುಂಗಿದರೆ ಅವನು ಮುಳುಗಿದ, ಪಕ್ಕದವನು ರಾತ್ರೋರಾತ್ರಿ ಕುಬೇರ. ಅದಕ್ಕೇ ಎಲ್ಲರ ಜಮೀನು ಒಟ್ಟು ಮಾಡಿ, ರಸ್ತೆಗೆ ಬೇಕಾದ್ದನ್ನು ಎಲ್ಲರಿಂದಲೂ ಪಾಲಿಗೆ ತಕ್ಕಂತೆ ತೆಗೆದು, ಉಳಿದದ್ದನ್ನು ಸರಿಯಾದ ಆಕಾರದ ಸೈಟುಗಳಾಗಿ ಮರಳಿಸಬೇಕು ಅಂದ.

ನಗರಸಭೆಗೆ ಇದು ಹಿಡಿಸಲಿಲ್ಲ. 1859ರಲ್ಲಿ ಅದು ತನ್ನದೇ ಸ್ಪರ್ಧೆ ನಡೆಸಿ ಆಂಟನಿ ರೊವಿರಾನ ಯೋಜನೆಯನ್ನು ಆರಿಸಿತು. ಮ್ಯಾಡ್ರಿಡ್ ಸರ್ಕಾರ ಮಾತ್ರ ಸೆರ್ದಾನ ನಕ್ಷೆಗೇ ಮುದ್ರೆ ಒತ್ತಿತು. ಅಲ್ಲಿಗೆ ಕ್ಯಾಟಲೋನಿಯಾದವನೇ ಆದ ಸೆರ್ದಾ, ತನ್ನೂರಿನವರ ಕಣ್ಣಲ್ಲಿ ರಾಜಧಾನಿಯ ಏಜೆಂಟ್ ಆಗಿಬಿಟ್ಟ. ಮೇಲಿನಿಂದ ಹೇರಿದ ಒಳ್ಳೆಯ ಯೋಜನೆಗೂ ಕೆಳಗೆ ಕಾವಲುಗಾರರು ಇರುವುದಿಲ್ಲ ಅನ್ನುವುದನ್ನು ಇಲ್ಲಿ ಗಮನಿಸಬೇಕು.

ಕಾವಲಿಲ್ಲದ ನಿಯಮವನ್ನು ಭೂಮಾಲೀಕರು ಒಂದೊಂದಾಗಿ ತಿಂದರು. ಎರಡು ಬದಿಯ ಮನೆಗಳು ನಾಲ್ಕು ಬದಿಗೂ ಬಂದವು. ಅಂತಸ್ತು ಏರಿತು. ನಡುವಿನ ತೋಟದ ಜಾಗಕ್ಕೆ ವರ್ಕ್‌ಶಾಪು, ಗೋದಾಮು ನುಗ್ಗಿದವು. ಆಮೇಲಾಮೇಲೆ ಕಾನೂನೇ ಇದಕ್ಕೆಲ್ಲ ಒಪ್ಪಿಗೆ ಕೊಟ್ಟಿತು. ರಸ್ತೆಗಳು ಉಳಿದವು, ತೋಟಗಳು ಹೋದವು.

1867ರಲ್ಲಿ ಸೆರ್ದಾ ನಗರೀಕರಣದ ಬಗ್ಗೆ ದೊಡ್ಡ ಸಿದ್ಧಾಂತ ಗ್ರಂಥ ಬರೆದ. ನಗರೀಕರಣಕ್ಕೆ ಇವತ್ತು ಜಗತ್ತು ಬಳಸುವ ಪದವೇ ಅವನ ಕೊಡುಗೆ. ಆದರೆ ಪಿತ್ರಾರ್ಜಿತ ಆಸ್ತಿ ಕರಗಿಹೋಗಿತ್ತು, ಮಾಡಿದ ಕೆಲಸದ ದುಡ್ಡು ಪೂರ್ತಿ ಕೈಸೇರಲೇ ಇಲ್ಲ. 1876ರಲ್ಲಿ ಸಾಯುವಾಗ ಜೇಬು ಬರಿದು.

1980ರ ದಶಕದಿಂದ ಬಾರ್ಸಿಲೋನಾ ಕೆಲವು ಬ್ಲಾಕುಗಳ ಒಳಾಂಗಣವನ್ನು ಬಿಡಿಸಿಕೊಂಡು ಮತ್ತೆ ತೋಟ ಮಾಡುತ್ತಿದೆ. ಒಂದೊಂದು ಅಂಗಳ ವಾಪಸ್ ಪಡೆಯಲೂ ಸಾರ್ವಜನಿಕರ ದುಡ್ಡೇ ಬೇಕು. ಸೆರ್ದಾ ಅದನ್ನು ನಕ್ಷೆಯಲ್ಲೇ ಕೊಟ್ಟಿದ್ದ. ನಕ್ಷೆ ಬರೆಯಲು ಒಬ್ಬ ಎಂಜಿನಿಯರ್ ಸಾಕು, ಅದನ್ನು ಉಳಿಸಿಕೊಳ್ಳಲು ಊರೇ ಎದ್ದು ನಿಲ್ಲಬೇಕು.