ನಾಯಿಯೋ, ಮದ್ದೋ: ಥಾಮಸ್ ರಿವರ್ಸ್ ಕೇಳಿದ ಪ್ರಶ್ನೆ

1988ರ ಸುಮಾರಿಗೆ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ನಾನು ಹೊಸ ಅಧಿಕಾರಿ. ಅಂಗವಿಕಲರ ಮಾಸಾಶನ ಕೋರಿ ಮಗ್ಗದ ಕಾರ್ಮಿಕರೊಬ್ಬರು ಸಲ್ಲಿಸಿದ್ದ ಅರ್ಜಿ ನನ್ನ ಮೇಜಿಗೆ ಬಂತು. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಳ್ಳುತ್ತಿದ್ದ ಕಾಲವದು. ಅವು ಮುಗಿಯುವ ಹೊತ್ತಿಗೆ ಆತನ ಎರಡೂ ಕಾಲುಗಳ ಬಲ ಉಡುಗಿತ್ತು. ಗ್ರಾಮ ಲೆಕ್ಕಿಗರ ವರದಿಯಲ್ಲಿ ಕಾರಣ ‘ನಾಯಿ ಕಡಿತ’ ಎಂದಿತ್ತು. ಅರ್ಜಿದಾರರು ಅದನ್ನು ಒಪ್ಪಲಿಲ್ಲ. ಕಚ್ಚಿಸಿಕೊಂಡ ಮೇಲೂ ತಾವು ಮಗ್ಗದ ಮುಂದೆ ನಿಂತು ದುಡಿಯುತ್ತಿದ್ದುದಾಗಿಯೂ, ಕಾಲು ಹೋದದ್ದು ಮದ್ದಿನಿಂದಲೇ ಎಂದೂ ವಾದಿಸಿದರು. ಅರ್ಥಶಾಸ್ತ್ರದ ಎಂ.ಎ. ಪದವಿಯ ಬಿಗುಮಾನದಲ್ಲಿದ್ದ ನನಗೆ ಅದು ಓದುಬರಹವಿಲ್ಲದವರ ಶಂಕೆಯಾಗಿ ಕಂಡಿತು. ತಪ್ಪು ನನ್ನದೆಂದು ತಿಳಿದದ್ದು ಬಹಳ ವರ್ಷಗಳ ಬಳಿಕ, ಅಮೆರಿಕದ ವೈದ್ಯವಿಜ್ಞಾನಿ ಥಾಮಸ್ ರಿವರ್ಸ್ ಅವರ ಬದುಕನ್ನು ಓದಿದಾಗ.

ರಿವರ್ಸ್ ಹುಟ್ಟಿದ್ದು 1888ರಲ್ಲಿ, ಜಾರ್ಜಿಯಾ ರಾಜ್ಯದ ಜೋನ್ಸ್‌ಬರೊದಲ್ಲಿ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ ಕೈಯ ಸ್ನಾಯುಗಳು ಕರಗತೊಡಗಿದವು. ನರ-ಸ್ನಾಯುಗಳನ್ನು ಕ್ರಮೇಣ ತಿನ್ನುವ ರೋಗವಿದು, ಹೆಚ್ಚು ಕಾಲ ಬದುಕುವುದಿಲ್ಲವೆಂಬುದು ತಜ್ಞರ ತೀರ್ಮಾನ. ಓದು ಬಿಟ್ಟ ತರುಣ, ಕಾಲುವೆ ತೋಡುತ್ತಿದ್ದ ಪನಾಮಾಕ್ಕೆ ಹೋಗಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿಕೊಂಡ. ಒಂದೂವರೆ ವರ್ಷ ಕಳೆದರೂ ಸಾವು ಬರಲಿಲ್ಲ, ರೋಗವೂ ಮುಂದುವರಿಯಲಿಲ್ಲ. ಮರಳಿ ಬಂದು 1915ರಲ್ಲಿ ಪದವಿ ಪಡೆದರು. 1922ರಲ್ಲಿ ರಾಕ್‌ಫೆಲರ್ ಸಂಸ್ಥೆ ಸೇರಿ, ವೈರಸ್ ಬೆಳೆಯಲು ಜೀವಕೋಶ ಬೇಕೇ ಬೇಕೆಂದು 1926ರಲ್ಲಿ ವಾದಿಸಿ ಹೆಸರಾದರು.

ನನಗೆ ಮುಖ್ಯವಾದುದು ಅವರ ಮತ್ತೊಂದು ಕೆಲಸ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ರೇಬಿಸ್ ಲಸಿಕೆಯನ್ನು ಪ್ರಾಣಿಗಳ ಮಿದುಳಿನಲ್ಲಿ ಬೆಳೆಸಿದ ವೈರಸ್ಸನ್ನು ಫೀನಾಲ್‌ನಿಂದ ಕೊಂದು ತಯಾರಿಸುತ್ತಿದ್ದರು. ನಮ್ಮಲ್ಲಿ ಬಳಸುತ್ತಿದ್ದುದು ಕುರಿಯ ಮಿದುಳು. ಬಂದರೆ ಉಳಿಗಾಲವಿಲ್ಲದ ರೋಗದಿಂದ ಅದು ಅಸಂಖ್ಯ ಜನರನ್ನು ಕಾಪಾಡಿತು. ಸೆಂಪಲ್ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಮಿದುಳಿನಿಂದ ತಯಾರಿಸಿದ ಇಂಥ ಲಸಿಕೆಗಳನ್ನು ಪಡೆದ ಕೆಲವರಿಗೆ ಎರಡು ಮೂರು ವಾರಗಳಲ್ಲಿ ಲಕ್ವ ಹೊಡೆಯುತ್ತಿತ್ತು. ಇದು ವೈರಸ್ಸಿನ ಕೆಲಸವೋ, ಮಿದುಳಿನ ಅಂಶದ ಕೆಲಸವೋ?

ರಿವರ್ಸ್ ಮತ್ತು ಸಹೋದ್ಯೋಗಿಗಳು ಆರೋಗ್ಯವಂತ ಮೊಲದ ಮಿದುಳಿನ ಸಾರವನ್ನಷ್ಟೇ ಕೋತಿಗಳಿಗೆ ತಿಂಗಳುಗಟ್ಟಲೆ, ಮತ್ತೆ ಮತ್ತೆ ಚುಚ್ಚಿದರು. ರೇಬಿಸ್ ವೈರಸ್ ಅದರಲ್ಲಿರಲಿಲ್ಲ. ಆದರೂ ಕೋತಿಗಳ ಕೈಕಾಲು ಸೋತವು. 1935ರ ಪ್ರಯೋಗದಲ್ಲಿ ಎಂಟು ಕೋತಿಗಳ ಪೈಕಿ ಏಳರ ಮಿದುಳಿನಲ್ಲಿ ನರತಂತುಗಳ ಮೇಲಿನ ಹೊದಿಕೆ, ಅಂದರೆ ಮಯಲಿನ್, ಸವೆದುಹೋಗಿತ್ತು. ವಿದ್ಯುತ್ ತಂತಿಯ ರಬ್ಬರು ಸುಲಿದಂತೆ. ಹೊರಗಿನ ಮಿದುಳಿನ ವಿರುದ್ಧ ಸಜ್ಜಾದ ದೇಹ ತನ್ನದೇ ನರಗಳ ಮೇಲೆ ತಿರುಗಿಬೀಳುತ್ತದೆಂಬ ವಿವರಣೆ ಮುಂದೆ ಗಟ್ಟಿಯಾಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಕುರಿತ ಸಂಶೋಧನೆ ಇಂದಿಗೂ ಈ ಮಾದರಿಯನ್ನು ಆಶ್ರಯಿಸಿದೆ.

ಮದ್ದಿನ ಈ ಗುಣ ಬೆಂಗಳೂರಿಗೆ ಅಪರಿಚಿತವೇನೂ ಆಗಿರಲಿಲ್ಲ. ರೇಬಿಸ್ ಲಸಿಕೆಯಿಂದಾಗುವ ನರರೋಗಗಳ ಬಗ್ಗೆ ನಿಮ್ಹಾನ್ಸ್ ವೈದ್ಯರು 1984ರಲ್ಲಿಯೇ ಪ್ರಬಂಧ ಪ್ರಕಟಿಸಿದ್ದರು. ದೊಡ್ಡಬಳ್ಳಾಪುರದಿಂದ ಬಸ್ಸು ಹತ್ತಿದರೆ ಅಲ್ಲಿಗೆ ಅರ್ಧ ದಿನವೂ ಬೇಡ. ಜೀವಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆಯೂ ಆಗಲೇ ಬಂದಿತ್ತು, ಆದರೆ ದುಬಾರಿ. ಕೈಯಲ್ಲಿ ಹಣವಿದ್ದವರು ಅದನ್ನು ಕೊಂಡರು, ಇಲ್ಲದವರು ಹೊಟ್ಟೆಯೊಡ್ಡಿದರು. ಅಗ್ಗದ ಲಸಿಕೆಯ ಲೆಕ್ಕದಲ್ಲಿ ಕಾಲು ಕಳೆದುಕೊಂಡವರ ಕೂಲಿಯನ್ನು ಯಾರೂ ಸೇರಿಸಲಿಲ್ಲ. ಅಂಥ ಟಿಪ್ಪಣಿಗಳನ್ನು ಬರೆಯುತ್ತಿದ್ದವರಲ್ಲಿ ನಾನೂ ಒಬ್ಬ. ಕುರಿಯ ಮಿದುಳಿನ ಲಸಿಕೆಯ ತಯಾರಿಕೆ ದೇಶದಲ್ಲಿ ನಿಂತದ್ದು 2004ರ ಕೊನೆಗೆ, ರಿವರ್ಸ್ ಪ್ರಬಂಧ ಬಂದು ಸುಮಾರು ಎಪ್ಪತ್ತು ವರ್ಷಗಳಾದ ಮೇಲೆ.

ರಿವರ್ಸ್ 1937ರಿಂದ ರಾಕ್‌ಫೆಲರ್ ಆಸ್ಪತ್ರೆಯ ನಿರ್ದೇಶಕರಾಗಿದ್ದರು. 1954ರಲ್ಲಿ ಸಾಕ್ ಅವರ ಪೋಲಿಯೊ ಲಸಿಕೆಯನ್ನು ಲಕ್ಷಾಂತರ ಮಕ್ಕಳ ಮೇಲೆ ಪರೀಕ್ಷಿಸಿದಾಗ ಸಲಹಾ ಸಮಿತಿಯ ಮುಂದಾಳುವೂ ಅವರೇ. ಯೌವನದಲ್ಲೇ ಸಾಯಬೇಕಿದ್ದವರು 1962ರವರೆಗೆ ಬಾಳಿದರು.

ಆ ಅರ್ಜಿಯನ್ನು ನಾನು ಮಂಜೂರು ಮಾಡಿದೆ. ಕಾರಣವೆಂಬ ಕಾಲಂನಲ್ಲಿ ನಾಯಿ ಕಡಿತವೇ ಉಳಿಯಿತು, ಕೆಳಗೆ ನನ್ನ ಸಹಿ.